ಹೊಳೆ ದಾಟಿದರೆ ಸಾಗರ

ಶರಾವತಿ ಹಿನ್ನೀರಿನಾಚೆಯ ತುಮರಿಯಿಂದ ಸಾಗರ ಪಟ್ಟಣ ಎಷ್ಟು ದೂರ ಎಂದು ಕೇಳಿದರೆ ಅಲ್ಲಿನ ಕರೂರು ಹೋಬಳಿಯವರು ಬಹುಕಾಲ ಕಿಲೋಮೀಟರಿನ ಲೆಕ್ಕ ಹೇಳುತ್ತಿರಲಿಲ್ಲ. ಲಾಂಚ್ ಸಿಕ್ಕರೆ ಇಷ್ಟು ಹೊತ್ತು, ತಪ್ಪಿದರೆ ಇಷ್ಟು ಹೊತ್ತು. ಅಷ್ಟೇ.

ಈ ದೂರವನ್ನು ತಂದಿಟ್ಟದ್ದು ವಿದ್ಯುತ್ತು. 1948ರಲ್ಲಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅದನ್ನೂ ತನ್ನೊಳಗೆ ಮುಳುಗಿಸಿಕೊಂಡಿತು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನಿಲ್ಲುವ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ಅಡಿಕೆ ತೋಟಗಳನ್ನು ನುಂಗಿತು. ನಾಡಿಗೆಲ್ಲ ಬೆಳಕು ಕೊಡಲು ಮನೆ ಬಿಟ್ಟುಹೋದವರಲ್ಲಿ ಅನೇಕ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಅಲ್ಲೇ ಉಳಿದವರ ಪಾಡು ಬೇರೆ: ಮೂರು ಕಡೆ ನೀರು, ಹಿಂದೆ ಕಾಡು.

ಹೊಳೆಬಾಗಿಲಿನಲ್ಲಿ ಲಾಂಚಿನ ಬಾಯಿ ದಡಕ್ಕೆ ತಾಗುತ್ತಲೇ ಬಸ್ಸು ಮೆಲ್ಲಗೆ ಹಲಗೆ ಹತ್ತುತ್ತಿತ್ತು. ಅದರ ಪಕ್ಕಕ್ಕೆ ಜೀಪು, ಕಾರು. ಉಳಿದ ಸಂದಿಯಲ್ಲಿ ಬೈಕು, ಜನ, ಸಂತೆಯ ಚೀಲ. ಸಿಗಂದೂರಿನ ಸಂಕ್ರಾಂತಿ ಜಾತ್ರೆಯ ದಿನಗಳಲ್ಲಂತೂ ದಾಟುವುದಕ್ಕಿಂತ ಕಾಯುವುದೇ ಹೆಚ್ಚು. ಬೇಸಿಗೆಯಲ್ಲಿ ನೀರಿಳಿದರೆ ವಾಹನಗಳಿಗೆ ತಡೆ. ಕತ್ತಲಾದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ? ಕೋಗಾರು, ಕಾರ್ಗಲ್ ಸುತ್ತಿ ಸುಮಾರು 80 ಕಿ.ಮೀ. ಹೋಗಬೇಕಿತ್ತು. ಸೇತುವೆ ಕೊಡಿ ಎಂದು ಈ ಜನ ದಶಕಗಳ ಕಾಲ ಹೋರಾಡಿದ್ದು ಇದಕ್ಕಾಗಿಯೇ.

2018ರಲ್ಲಿ ಶಂಕುಸ್ಥಾಪನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಕೇಬಲ್‌ಗಳ ಆಧಾರದಲ್ಲಿ ನಿಂತ ಇದರ ಉದ್ದ ಸುಮಾರು 2.4 ಕಿ.ಮೀ. ಅಷ್ಟು ದೂರ ದಾಟಲು ಒಂದು ಹೋಬಳಿ ಆರು ದಶಕ ಕಾಯಬೇಕಾಯಿತು ಎಂಬುದನ್ನು ಮರೆಯಬಾರದು.

ಜಿಲ್ಲೆಗೆ ಈ ಸೇತುವೆಗಿಂತ ಮೊದಲೇ ವಿಮಾನ ಬಂದಿತ್ತು. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನ ಮೊದಲ ವಿಮಾನ ಇಳಿಯಿತು. ರಸ್ತೆಯಲ್ಲಿ ಆರು ತಾಸಿನಷ್ಟು ಹಿಡಿಯುವ ಸುಮಾರು 300 ಕಿ.ಮೀ. ಹಾದಿ ಆಕಾಶದಲ್ಲಿ ಒಂದು ತಾಸಿನ ಆಸುಪಾಸು. ಆದರೆ ಸಾಗರದವರು ಆ ವಿಮಾನ ಹತ್ತಲು ಮೊದಲು ಶಿವಮೊಗ್ಗ ದಾಟಿ ಹೋಗಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಬೆಂಗಳೂರಿನ ಟ್ರಾಫಿಕ್ ಬೇರೆ. ಸಾಗರದ ಜಂಬಗಾರು ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿ, ಮಲಗಿ, ಬೆಳಗಾಗುವಾಗ ರಾಜಧಾನಿ ಸೇರುವುದೇ ಇಲ್ಲಿ ಹಲವರಿಗೆ ಇಂದಿಗೂ ಹಿತ.

ಹೊಸನಗರ ಪಟ್ಟಣಕ್ಕೆ ಆ ಅನುಕೂಲವೂ ಇಲ್ಲ. ತಾಲ್ಲೂಕಿನ ಅಂಚಿನ ಅರಸಾಳಿನಲ್ಲಿ ರೈಲು ನಿಲ್ದಾಣವಿದೆ, ಅಷ್ಟೇ. ಕುವೆಂಪು ಅವರ ತೀರ್ಥಹಳ್ಳಿಗಂತೂ ಹಳಿಯೇ ಬಂದಿಲ್ಲ. ಅಲ್ಲಿಂದ ಮಣಿಪಾಲದ ಆಸ್ಪತ್ರೆಗೆ ಹೊರಟವರು ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಹುಲಿಕಲ್ ಕಡೆಗೋ ಶೃಂಗೇರಿ ಕಡೆಗೋ ಗಾಡಿ ತಿರುಗಿಸಬೇಕು.