ಸಿರಸಂಗಿ ಸೀಮೆಯ ಕೂರಿಗೆ

ಸವದತ್ತಿ ತಾಲ್ಲೂಕಿನ ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯ ದೇವತೆ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಈ ಐದೂ ಕಸುಬಿನವರು ದೂರದೂರದಿಂದ ಬಂದು ಇಲ್ಲಿಗೆ ನಡೆದುಕೊಳ್ಳುತ್ತಾರೆ. ಯುಗಾದಿಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ರೈತರು ಆಗ ತಾನೇ ಕೈಗೆ ಬಂದ ಹೊಸ ಗೋದಿಯನ್ನು ದೇವಿಗೆ ಒಪ್ಪಿಸುತ್ತಾರೆ. ಉಪಕರಣ ಮಾಡುವವರ ದೇವಿಗೆ ಉಳುವವರು ಬೆಳೆ ಅರ್ಪಿಸುವುದು ಈ ಸೀಮೆಯ ಬದುಕಿಗೆ ತಕ್ಕ ನಡಾವಳಿಯೇ. ಇಬ್ಬರ ಜಾಣ್ಮೆಯೂ ಒಂದೆಡೆ ಕೂಡುವ ವಸ್ತು ಬಿತ್ತುವ ಕೂರಿಗೆ.

ಕೂರಿಗೆಯ ಆಧಾರ ದಿಂಡು. ಜಾಲಿಯಂಥ ಗಟ್ಟಿ ಮರದ ತುಂಡನ್ನು ಕೆತ್ತಿ, ಸಮ ಅಂತರದಲ್ಲಿ ತೂತು ಕೊರೆದು, ಅವುಗಳಲ್ಲಿ ತಾಳುಗಳನ್ನು ಓರೆಯಾಗಿ ಕೂಡಿಸುತ್ತಾರೆ. ತಾಳಿನ ತುದಿಗೆ ಕಮ್ಮಾರ ಹೊಡೆದುಕೊಟ್ಟ ಕಬ್ಬಿಣ, ಮೇಲೆ ಬಿದಿರಿನ ಕೊಳವೆ. ಎಲ್ಲ ಕೊಳವೆಗಳ ಮೇಲ್ತುದಿಗಳೂ ಒಂದೇ ಮರದ ಬಟ್ಟಲಿನ ಕೆಳಗೆ ಸೇರುತ್ತವೆ. ತಾಳು ಎಷ್ಟೋ ಬಟ್ಟಲಿನ ತಳದಲ್ಲಿ ತೂತುಗಳೂ ಅಷ್ಟೇ. ಬಟ್ಟಲು ವಾಲದಂತೆ ಹಗ್ಗ ಬಿಗಿಯುತ್ತಾರೆ. ಎತ್ತು ಮುಂದೆ ಸಾಗಿದಂತೆ, ಹಿಂದೆ ನಡೆಯುವವರು ಮುಷ್ಟಿಯಲ್ಲಿನ ಬೀಜವನ್ನು ಬೆರಳ ಸಂದಿಯಿಂದ ಬಟ್ಟಲಿಗೆ ಬಿಡುತ್ತಾರೆ. ಬೀಜ ಎಲ್ಲ ತೂತುಗಳಿಗೂ ಸಮನಾಗಿ ಹಂಚಿಹೋಗಬೇಕಾದರೆ ಕೈ ತಡೆಯಿಲ್ಲದೆ ಆಡುತ್ತಿರಬೇಕು. ಗಳಿಗೆ ಹೊತ್ತು ಕೈ ನಿಂತರೆ ಹೊಲದಲ್ಲಿ ಸಾಲು ಬರಿದಾಗಿ, ಆ ತಪ್ಪು ರಾಶಿಯವರೆಗೂ ಕಣ್ಣಿಗೆ ಬೀಳುತ್ತದೆ. ಬೀಜ ಬಿಡುವ ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಕೂರಿಗೆಯ ಇತಿಹಾಸದಲ್ಲಿ ಬಡಿಗನಿಗೆ ಸಲ್ಲುವ ಹೆಸರು ಅವರಿಗೂ ಸಲ್ಲಬೇಕು.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಎರೆಮಣ್ಣು. ಹಿಂಗಾರಿಯಲ್ಲಿ ಜೋಳ, ಗೋದಿ, ಕಡಲೆ ಬಿತ್ತುವುದು ಉತ್ತರಿ, ಹಸ್ತ, ಚಿತ್ತಿ ಮಳೆಗಳ ಆಸುಪಾಸಿನಲ್ಲಿ. ಆಮೇಲೆ ಮಳೆ ಬರುವ ನಂಬಿಕೆಯಿಲ್ಲ. ಬೆಳೆ ನಿಲ್ಲುವುದು ಎರೆಮಣ್ಣು ತನ್ನೊಳಗೆ ಹಿಡಿದಿಟ್ಟ ಹಸಿಯ ಮೇಲೆ. ಮೇಲೆ ಚೆಲ್ಲಿದ ಕಾಳು ಒಣಗಿಹೋಗುತ್ತದೆ, ಹಕ್ಕಿಯ ಪಾಲಾಗುತ್ತದೆ. ತಾಳು ಹಸಿಯವರೆಗೆ ಇಳಿದು ಅಲ್ಲಿಯೇ ಕಾಳು ಬಿಡುತ್ತದೆ. ಹಿಂದೆಯೇ ಕುಂಟಿ ಹೊಡೆದು ಮಣ್ಣು ಮುಚ್ಚುತ್ತಾರೆ.

ಗೋದಿಗೆ ತಾಳುಗಳು ಒತ್ತೊತ್ತು, ಜೋಳಕ್ಕೆ ಅಗಲ. ಬೆಳೆ ಬೇರೆಯಾದರೆ ಕೂರಿಗೆಯೂ ಬೇರೆ. ಇದರ ನಿಜವಾದ ಸೊಗಸು ಕಾಣುವುದು ಬಿತ್ತಿದ ಕೆಲವು ವಾರಗಳ ನಂತರ. ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟಿಯ ಅಳತೆ ಕೂರಿಗೆಯ ತಾಳಿನ ಅಂತರಕ್ಕೆ ಹೊಂದಬೇಕು; ಇಲ್ಲವಾದರೆ ಕುಂಟಿ ಪೈರನ್ನೇ ಕೊಯ್ಯುತ್ತದೆ. ಮುಖ್ಯ ಬೆಳೆಯ ಸಾಲುಗಳ ನಡುನಡುವೆ ಬೇಳೆಕಾಳು ಹಾಕಬೇಕೆಂದರೆ ಕೂರಿಗೆಯ ಹಿಂದೆ ಹಗ್ಗಕ್ಕೆ ಇನ್ನೊಂದು ಕೊಳವೆ ಕಟ್ಟಿ ಅಕ್ಕಡಿ ಸಾಲು ಬಿಡುತ್ತಾರೆ. ಹೊಲದ ವಿಸ್ತಾರವನ್ನೂ ಜನ ಕೂರಿಗೆಯಿಂದಲೇ ಲೆಕ್ಕ ಹಾಕುತ್ತಿದ್ದರು: ಒಂದು ಜೋಡಿ ಎತ್ತು ಒಂದು ದಿನದಲ್ಲಿ ಬಿತ್ತುವಷ್ಟು ನೆಲ ಒಂದು ಕೂರಿಗೆ ಹೊಲ.

ಸಾಲಾಗಿ ಬಿತ್ತುವ ಈ ವಿದ್ಯೆ ಬೇರೆಡೆಯೂ ಇತ್ತು. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಹಲವು ಕೊಳವೆಗಳ ಬಿತ್ತುವ ಸಾಧನವಿತ್ತು. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬಾತ ತನ್ನ ಬಿತ್ತುವ ಯಂತ್ರ ರೂಪಿಸಿದ್ದು 1701ರ ಸುಮಾರಿಗೆ. 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬ ಬ್ರಿಟಿಷ್ ಅಧಿಕಾರಿ ಆಂಧ್ರದ ಕಡೆಯ ಬಿತ್ತುವ ಕೂರಿಗೆಯನ್ನು ಕಂಡು, ಇಂಗ್ಲೆಂಡಿನ ಕೃಷಿ ಮಂಡಲಿಗೆ ಅದರ ವಿವರ ಬರೆದು ಕಳಿಸಿದ. ಯುರೋಪಿನವರು ತಮ್ಮದೇ ಹೊಸ ಶೋಧವೆಂದು ಎಣಿಸಿದ್ದ ವಿದ್ಯೆ ಇಲ್ಲಿನ ಹಳ್ಳಿಗಳಲ್ಲಿ ನಿತ್ಯದ ಬಳಕೆಯಲ್ಲಿತ್ತು.

ಕೂರಿಗೆ ಮಾಡಿಕೊಡುವ ಬಡಿಗ, ಕಮ್ಮಾರರಿಗೆ ಪ್ರತಿ ಕೆಲಸಕ್ಕೂ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಅವರು ಊರಿನ ಆಯಗಾರರು. ರಾಶಿಯ ಕಾಲಕ್ಕೆ ಕಣಕ್ಕೆ ಹೋಗಿ ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದರು. ಮಾಡಿಕೊಟ್ಟ ಕೂರಿಗೆಯ ಗುಣ ಅವರ ಆಯದಲ್ಲೂ ಕಾಣುತ್ತಿತ್ತು. ತಾಳು ಸಡಿಲಾದರೆ ಬೆಣೆ ಬಡಿಯುವುದು, ಸವೆದ ಕಬ್ಬಿಣ ಹಣಿಯುವುದು, ಬಿರಿದ ಕೊಳವೆ ಬದಲಿಸುವುದು ಎಲ್ಲವೂ ಆ ಆಯದಲ್ಲೇ ಸೇರಿತ್ತು. ಬಿತ್ತನೆಗೆ ಮುಂಚೆ ಕೂರಿಗೆಗೆ ಅರಿಷಿಣ, ಕುಂಕುಮ ಹಚ್ಚಿ, ಕೆಲವೆಡೆ ಸೀರೆ ಉಡಿಸಿ ಉಡಿ ತುಂಬುವ ರೂಢಿಯಿದೆ. ಬೀಜ ಹೊರುವ ಬಟ್ಟಲು ಬಸುರಿನ ಹಾಗೆ ಎಂಬ ಭಾವನೆ ಅದರ ಹಿಂದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸತೊಡಗಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆಂದು ರೈತರು ಮೊದಮೊದಲು ಹಿಂಜರಿದರು. ಬರಬರುತ್ತ ನೇಗಿಲು ಮನೆಮನೆ ಸೇರಿತು. ಮರದ ಕೂರಿಗೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಆಯಾ ಹೊಲ, ಆಯಾ ಬೆಳೆಗೆ ಅಂತರ ಹೊಂದಿಸಿಕೊಡುವ ಕೆಲಸ ಊರ ಬಡಿಗನದೇ ಆಗಿತ್ತು. ಕಾರ್ಖಾನೆಯ ಒಂದೇ ಅಚ್ಚು ಅದಕ್ಕೆ ಸಾಲುತ್ತಿರಲಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟೆಯ ನೀರು ಹರಿದು ತಾಲ್ಲೂಕಿನ ಬೆಳೆಗಳು ಬದಲಾದವು. ಎತ್ತುಗಳ ಸಂಖ್ಯೆ ಇಳಿದು ಟ್ರ್ಯಾಕ್ಟರ್ ಬಂದಾಗ ಮರದ ಕೂರಿಗೆಗೆ ಬೇಡಿಕೆ ಕುಗ್ಗಿತು. ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ ಸಾಧನವನ್ನೂ ರೈತರು ಕೂರಿಗೆಯೆಂದೇ ಕರೆಯುತ್ತಾರೆ. ಬೆಳೆಗೆ ತಕ್ಕಂತೆ ಅದರ ತಾಳುಗಳನ್ನು ಬೋಲ್ಟ್ ಸಡಿಲಿಸಿ ಸರಿಸಿಕೊಳ್ಳಬಹುದು. ಊರ ಬಡಿಗ ಹೊಂದಿಸಿಕೊಡುತ್ತಿದ್ದ ಅಂತರವನ್ನು ಈಗ ರೈತ ಸ್ಪ್ಯಾನರ್ ಹಿಡಿದು ತಾನೇ ಹೊಂದಿಸಿಕೊಳ್ಳುತ್ತಾನೆ.