ಲೇಕ್ ವ್ಯೂ ಫ್ಲಾಟು, ನಮ್ಮ ಪಿನಾಕಿನಿ

ಬೆಂಗಳೂರಿಗೆ ಹೊಳೆ ಇಲ್ಲ ಅಂತೀವಿ. ಆದರೆ ಅದರ ಪೂರ್ವದ ಕಡೆ ಬಿದ್ದ ಮಳೆ ಎಲ್ಲಿಗೆ ಹೋಗ್ತದೆ ನೋಡಿ. ಕೋರಮಂಗಲ–ಚಲ್ಲಘಟ್ಟ ಕಣಿವೆ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಬೀಳ್ತದೆ. ಹೆಬ್ಬಾಳ–ನಾಗವಾರ ಕಣಿವೆ ನೀರೂ ಅಲ್ಲಿಗೇ. ಆ ಪಿನಾಕಿನಿ ಹುಟ್ಟೋದು ನಮ್ಮ ನಂದಿ ಬೆಟ್ಟದ ಸಾಲಲ್ಲಿ. ಅಂದಮೇಲೆ ಅಲ್ಲಿನ ಕೆರೆದಂಡೆ ನಮ್ಮ ಹೊಳೆಗೇ ಸೇರಿದ್ದು.

ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಅದರ ಅಚ್ಚುಕಟ್ಟಿನಲ್ಲಿ ಭತ್ತ, ತರಕಾರಿ ಬೆಳೀತಿದ್ದರು. ಐಟಿ ಕಂಪನಿಗಳು ಬಂದ ಮೇಲೆ ಸುತ್ತ ಎತ್ತರದ ಅಪಾರ್ಟ್‌ಮೆಂಟು ಎದ್ದವು. ಕೆರೆ ಕಾಣೋ ಫ್ಲಾಟಿಗೆ 'ಲೇಕ್ ವ್ಯೂ' ಅಂತ ಹೆಚ್ಚಿನ ಬೆಲೆ. ಕುಡಿಯೋಕೆ ಮಾತ್ರ ಕಾವೇರಿ, ಬೋರು, ಟ್ಯಾಂಕರು. ಊರಿನ ಕೊಳಚೆಯೆಲ್ಲ ಕೆರೆಗೆ ಇಳೀತು. 2015ರಲ್ಲಿ ನೊರೆ ರಸ್ತೆಗೆ ಬಂತು, 2018ರ ಜನವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು.

ಕೆರೆಯಿಂದ 75 ಮೀಟರ್ ಬಿಟ್ಟು ಕಟ್ಟಿ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ, ನಗರದ ಮಾಸ್ಟರ್ ಪ್ಲಾನಿನಲ್ಲಿದ್ದ 30 ಮೀಟರ್ ಸಾಕು ಅಂತು.

ಈಗ ಅದೇ ಕೊಳಚೆ ಎರಡು ಹಂತ ಶುದ್ಧಿಯಾಗಿ ಪೈಪಲ್ಲಿ ನಮ್ಮ ಕಡೆ ಬರ್ತಿದೆ. ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರಕ್ಕೆ, ಮುಂದೆ ಚಿಂತಾಮಣಿಯ ಕೆಲವು ಕೆರೆಗೆ, ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ. ಬತ್ತಿದ ಬೋರಿಗೆ ನೀರು ಬಂತು ಅನ್ನೋರ ಮಾತೂ ನಿಜ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡೋರ ಮಾತೂ ನಿಜ.

ನನಗೆ ಚಿಂತೆ ಮುಂದಿನದು. ಲೇಔಟು, ಟವರು ದೇವನಹಳ್ಳಿ ದಾಟಿ ನಂದಿ ಬುಡಕ್ಕೆ ಬರ್ತಿವೆ. ಬೆಳ್ಳಂದೂರು ಹೊಳೆಯ ಕೆಳಗಿತ್ತು, ನಾವು ತಲೆಯಲ್ಲಿದ್ದೀವಿ. ತಲೆ ಕೆಟ್ಟರೆ ಹೊಳೆಯೆಲ್ಲ ಕೆಟ್ಟಂಗೆ.

ಹೋದ ಬೇಸಿಗೆ ನಮ್ಮೂರ ಗ್ರಾಮ ನಕಾಶೆ ಹಿಡಿದು ರಾಜಕಾಲುವೆ ಉದ್ದಕ್ಕೂ ನಡೆದೆ. ನಕಾಶೆಯಲ್ಲಿ ಅಗಲ ಇರೋ ಕಡೆ ನೆಲದ ಮೇಲೆ ಚರಂಡಿಯಷ್ಟೇ ಉಳಿದಿದೆ. ಒತ್ತಿರೋದು ಯಾವ ಬಿಲ್ಡರೂ ಅಲ್ಲ, ಅಕ್ಕಪಕ್ಕದ ಹೊಲಗಳೇ. ನಾಳೆ ಆ ಹೊಲ ಮಾರಿದಾಗ ಕಾಲುವೆಯೂ ಅದರ ಜೊತೆ ಹೋಗ್ತದೆ.

ಹಾಗಾಗಿ ಜಮೀನು ಮಾರೋರು, ಮಾರದೋರು ಇಬ್ಬರೂ ಒಂದು ಕೆಲಸ ಮಾಡಿ. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ನೋಡಿ. ಪಂಚಾಯ್ತಿ ಸಭೆಯಲ್ಲಿ ಕೆರೆ, ಕಾಲುವೆ ಸರ್ವೆಗೆ ಅರ್ಜಿ ಕೊಡಿ, ಗಡಿಕಲ್ಲು ನೆಡಿಸಿ. ಟವರು ಬಂದ ಮೇಲೆ ಮೀಟರ್ ಲೆಕ್ಕ ಕೋರ್ಟಿಗೆ ಹೋಗ್ತದೆ. ಈಗಾದರೆ ಅದು ನಮ್ಮೂರಲ್ಲೇ ಮುಗೀತದೆ.