ಬ್ರೆಕ್ಸಿಟ್ ಮತದಾನದ ನಂತರದ ವಾರಗಳು: ಪಶ್ಚಾತ್ತಾಪದ ಸಾಕ್ಷ್ಯ ಎಷ್ಟು ಗಟ್ಟಿ?

2016ರ ಜೂನ್ 23ರ ಜನಮತಗಣನೆಯಲ್ಲಿ ಬ್ರಿಟನ್ನಿನ 1 ಕೋಟಿ 74 ಲಕ್ಷ ಮತದಾರರು ಐರೋಪ್ಯ ಒಕ್ಕೂಟದಿಂದ ಹೊರಬರೋಣ ಎಂದರು. 1 ಕೋಟಿ 61 ಲಕ್ಷ ಮಂದಿ ಬೇಡ ಎಂದರು. ಮರುದಿನ ಬೆಳಿಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು. ಪೌಂಡ್ ಡಾಲರಿನೆದುರು ಮೂರು ದಶಕಗಳಲ್ಲಿ ಕಾಣದ ಮಟ್ಟಕ್ಕೆ ಕುಸಿಯಿತು. ಜೂನ್ 28ರಂದು ಲೇಬರ್ ಪಕ್ಷದ 172 ಸಂಸದರು ತಮ್ಮದೇ ನಾಯಕ ಜೆರೆಮಿ ಕಾರ್ಬಿನ್ ವಿರುದ್ಧ ಅವಿಶ್ವಾಸ ಮತ ಹಾಕಿದರು. ಗೆದ್ದ ಪಾಳೆಯದಲ್ಲೂ ಅದೇ ಪಾಡು: ಬೋರಿಸ್ ಜಾನ್ಸನ್ ಪ್ರಧಾನಿ ಪಟ್ಟದ ಸ್ಪರ್ಧೆಯಿಂದ ಹಿಂದೆ ಸರಿದರು, ನೈಜೆಲ್ ಫರಾಜ್ ತಮ್ಮ ಪಕ್ಷದ ನಾಯಕತ್ವ ಬಿಟ್ಟರು. ಜುಲೈ 13ರಂದು ತೆರೇಸಾ ಮೇ ಅಧಿಕಾರಕ್ಕೆ ಬರುವವರೆಗಿನ ಆ ಮೂರು ವಾರಗಳ ಬಗ್ಗೆ ಇಂದಿಗೂ ಹೆಚ್ಚಾಗಿ ಕೇಳಿಬರುವುದು ಒಂದೇ ಕಥೆ. ಜನ ದುಡುಕಿ ಮತ ಹಾಕಿದರು, ಆಮೇಲೆ ಕೈ ಹಿಸುಕಿಕೊಂಡರು. ಈ ಕಥೆಗೆ ಆಧಾರವಾಗಿ ಮುಂದಿಡುವ ಸಾಕ್ಷ್ಯಗಳನ್ನು ಒರೆಗೆ ಹಚ್ಚುವುದಷ್ಟೇ ಇಲ್ಲಿನ ಉದ್ದೇಶ.

ಮೊದಲನೆಯದು ಗೂಗಲ್. ಫಲಿತಾಂಶ ಬಂದ ದಿನ, ಒಕ್ಕೂಟದ ಬಗ್ಗೆ ಬ್ರಿಟನ್ನಿನಲ್ಲಿ ಹುಡುಕಲಾದ ಪ್ರಶ್ನೆಗಳ ಪೈಕಿ ‘ಐರೋಪ್ಯ ಒಕ್ಕೂಟ ಎಂದರೇನು’ ಎಂಬುದು ಎರಡನೆಯ ಸ್ಥಾನದಲ್ಲಿದೆ ಎಂದು ಕಂಪನಿ ಪ್ರಕಟಿಸಿತು. ಏನೂ ತಿಳಿಯದೆ ಮತ ಹಾಕಿದರೆಂದು ಪತ್ರಿಕೆಗಳು ಷರಾ ಬರೆದುಬಿಟ್ಟವು. ಆದರೆ ಗೂಗಲ್ ಟ್ರೆಂಡ್ಸ್ ತೋರಿಸುವುದು ಸಾಪೇಕ್ಷ ಏರಿಳಿತವನ್ನು, ಹುಡುಕಿದವರ ಸಂಖ್ಯೆಯನ್ನಲ್ಲ. ಹತ್ತು ಮಂದಿ ಕೇಳುತ್ತಿದ್ದುದನ್ನು ಮೂವತ್ತು ಮಂದಿ ಕೇಳಿದರೂ ಗೆರೆ ಮೂರು ಪಟ್ಟು ಮೇಲೇರುತ್ತದೆ. ಕೇಳಿದವರು ಯಾವ ಕಡೆಗೆ ಮತ ಹಾಕಿದ್ದರು, ಅವರಿಗೆ ಮತವಿತ್ತೇ, ಶಾಲೆಯ ಮಕ್ಕಳೇ, ಯಾವುದೂ ಅದರಿಂದ ತಿಳಿಯುವುದಿಲ್ಲ.

ಎರಡನೆಯದು ಮನವಿಪತ್ರ. ಮತ್ತೊಮ್ಮೆ ಮತದಾನ ನಡೆಯಲಿ ಎಂದು ಸಂಸತ್ತಿನ ಜಾಲತಾಣದಲ್ಲಿ 41 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸಂಖ್ಯೆ ದೊಡ್ಡದೇ. ಆದರೆ ಈ ಮನವಿ ಹುಟ್ಟಿದ್ದು ಮತದಾನಕ್ಕೂ ಮುಂಚೆ, ಮೇ ತಿಂಗಳಲ್ಲಿ. ಹಾಕಿದಾತ ಹೊರಬರಬೇಕೆನ್ನುವ ಪಕ್ಷದವನು. ತನ್ನ ಕಡೆ ಸೋಲುತ್ತದೆಂಬ ಅಂದಾಜಿನಲ್ಲಿ, ಮತ ಚಲಾವಣೆ ಶೇ 75ಕ್ಕಿಂತ ಕಡಿಮೆಯಾಗಿ ಗೆದ್ದವರಿಗೆ ಶೇ 60 ಬಾರದಿದ್ದರೆ ಮರುಮತದಾನ ಆಗಲಿ ಎಂದು ಕೇಳಿದ್ದ. ಸೋತವರು ಅದನ್ನೇ ಕೈಗೆತ್ತಿಕೊಂಡರು. ವ್ಯಾಟಿಕನ್ ನಗರದ ಹೆಸರಿನಲ್ಲೇ ಸುಮಾರು 39,000 ಸಹಿಗಳು ಬಂದಿದ್ದವು. ಅಲ್ಲಿನ ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಸುಮಾರು 77,000 ಸುಳ್ಳು ಸಹಿಗಳನ್ನು ಅಳಿಸಿಹಾಕಿದರು. ಈ ಕಳ್ಳಸಹಿಗಳಿಗಿಂತ ಮುಖ್ಯವಾದ ತೊಡಕು ಬೇರೆಯೇ ಇದೆ. ಬ್ರಿಟನ್ನಿನ ನಿವಾಸಿ ಯಾರೇ ಆದರೂ ಸಹಿ ಹಾಕಬಹುದಿತ್ತು, ಜನಮತಗಣನೆಯಲ್ಲಿ ಮತವಿರದವರೂ ಸೇರಿ. ಹೀಗಿರುವಾಗ ಸಹಿಗಳ ರಾಶಿಯನ್ನು ಮತದಾರರ ಪಶ್ಚಾತ್ತಾಪವೆಂದು ಲೆಕ್ಕ ಹಿಡಿಯುವುದು ಸಲ್ಲದು.

ಸಮೀಕ್ಷೆಗಳೂ ಈ ಕಥೆಯನ್ನು ಎತ್ತಿಹಿಡಿಯುವುದಿಲ್ಲ. ಹೊರಬರಲು ಮತ ಹಾಕಿದ್ದು ಸರಿಯೋ ತಪ್ಪೋ ಎಂದು ಯೂಗವ್ ಸಂಸ್ಥೆ 2016ರ ಆಗಸ್ಟ್‌ನಲ್ಲಿ ಕೇಳಿದಾಗ ಸರಿ ಎಂದವರು ಶೇ 46, ತಪ್ಪು ಎಂದವರು ಶೇ 42. ಇದು ತಿರುವುಮುರುವಾಗಲು ಸುಮಾರು ಒಂದು ವರ್ಷ ಹಿಡಿಯಿತು, ಅದೂ ಸಣ್ಣ ಅಂತರದಲ್ಲಿ. ಆ ಬದಲಾವಣೆಯಲ್ಲೂ 2016ರಲ್ಲಿ ಮತ ಹಾಕದೆ ಉಳಿದಿದ್ದವರ ಪಾಲು ಗಣನೀಯ ಎಂಬುದನ್ನು ಚುನಾವಣಾ ತಜ್ಞ ಜಾನ್ ಕರ್ಟಿಸ್ ಅವರ ವಿಶ್ಲೇಷಣೆಗಳು ತೋರಿಸಿವೆ.

ಹಾಗಾದರೆ ಜನರಿಗೆ ಆತಂಕವೇ ಇರಲಿಲ್ಲವೇ? ಇತ್ತು. ಗ್ರಾಹಕರ ವಿಶ್ವಾಸವನ್ನು ಅಳೆಯುವ ಜಿಎಫ್‌ಕೆ ಸೂಚ್ಯಂಕ ಜೂನ್‌ನಲ್ಲಿ ಮೈನಸ್ 1 ಇದ್ದದ್ದು ಜುಲೈಯಲ್ಲಿ ಮೈನಸ್ 12ಕ್ಕೆ ಬಿತ್ತು. ಅದೇ ಜುಲೈಯಲ್ಲಿ ಚಿಲ್ಲರೆ ವ್ಯಾಪಾರ ಮಾತ್ರ ಏರಿತು. ಸೆಪ್ಟೆಂಬರ್ ಹೊತ್ತಿಗೆ ಸೂಚ್ಯಂಕವೂ ಹಳೆಯ ಜಾಗಕ್ಕೆ ಮರಳಿತ್ತು. ಸಮೀಕ್ಷೆಯವರಿಗೆ ಭಯವೆಂದು ಉತ್ತರ ಕೊಟ್ಟ ಜನ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಇನ್ನೊಂದು ಬಗೆಯ ಪ್ರತಿಕ್ರಿಯೆ ಕರಾಳವಾದದ್ದು. ಜನಾಂಗ ಅಥವಾ ಧರ್ಮದ್ವೇಷದ ಅಪರಾಧಗಳ ಪೊಲೀಸ್ ದಾಖಲೆ ಆ ಜುಲೈಯಲ್ಲಿ ಹಿಂದಿನ ವರ್ಷದ ಜುಲೈಗಿಂತ ಶೇ 41ರಷ್ಟು ಏರಿತು. ಇದನ್ನು ಯಾವ ಅರ್ಥದಲ್ಲೂ ಪಶ್ಚಾತ್ತಾಪವೆನ್ನಲಾಗದು.

ನನ್ನ ಮಟ್ಟಿಗೆ, ಅನಿಶ್ಚಿತತೆಯನ್ನು ಜನ ಹೇಗೆ ಎದುರಿಸಿದರೆಂಬುದಕ್ಕೆ ನಂಬಬಹುದಾದ ಸಾಕ್ಷ್ಯ ಸಿಗುವುದು ಪೌರತ್ವ, ಪಾಸ್‌ಪೋರ್ಟ್, ನಿವಾಸದ ಅರ್ಜಿಗಳಲ್ಲಿ. ಅಜ್ಜನೋ ಅಜ್ಜಿಯೋ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ದೇಶದ ಪೌರತ್ವ ಕೇಳಬಹುದು. ಹೀಗಾಗಿ ಬ್ರಿಟನ್ನಿನ ಮನೆಗಳಲ್ಲಿ ಹಳೆಯ ಜನನ ಪತ್ರಗಳ ಹುಡುಕಾಟ ಶುರುವಾಯಿತು. ಉತ್ತರ ಐರ್ಲೆಂಡಿನ ಅಂಚೆ ಕಚೇರಿಗಳಲ್ಲಿ ಐರಿಷ್ ಪಾಸ್‌ಪೋರ್ಟ್ ಅರ್ಜಿಗಳಿಗೆ ಒಮ್ಮೆಲೇ ಬೇಡಿಕೆ ಏರಿತು. ಹೊರಬರುವುದನ್ನೇ ಬೆಂಬಲಿಸಿದ್ದ, ಅಲ್ಲಿನ ಡಿಯುಪಿ ಪಕ್ಷದ ಸಂಸದ ಇಯಾನ್ ಪೈಸ್ಲಿ ಕೂಡ, ಎರಡನೇ ಪಾಸ್‌ಪೋರ್ಟ್‌ಗೆ ಅರ್ಹರಿದ್ದವರು ಪಡೆದುಕೊಳ್ಳಿ ಎಂದು ತಮ್ಮ ಕ್ಷೇತ್ರದವರಿಗೆ ಸಲಹೆ ಕೊಟ್ಟರು. ಅವರು ನಿಲುವನ್ನೇನೂ ಬದಲಿಸಿರಲಿಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯಹೂದಿಗಳ ಮಕ್ಕಳು ಮೊಮ್ಮಕ್ಕಳು, ಹಿರಿಯರಿಂದ ಕಿತ್ತುಕೊಂಡಿದ್ದ ಜರ್ಮನ್ ಪೌರತ್ವವನ್ನು ಮರಳಿ ಕೇಳತೊಡಗಿದರು.

ಹೆಚ್ಚು ಪಡಿಪಾಟಲು ಪಟ್ಟವರು ಬ್ರಿಟನ್ನಿನಲ್ಲಿ ನೆಲೆಸಿದ್ದ ಐರೋಪ್ಯರು. ಕಾಯಂ ನಿವಾಸದ ಅರ್ಜಿ 85 ಪುಟದ್ದಾಗಿತ್ತು. ದೇಶದಿಂದ ಹೊರಗೆ ಹೋಗಿಬಂದ ತಾರೀಖುಗಳನ್ನೆಲ್ಲ ಬರೆಯಬೇಕಿತ್ತು. ಉದ್ಯೋಗವಿಲ್ಲದೆ ಮನೆ ನೋಡಿಕೊಂಡವರಿಗೆ, ವಿದ್ಯಾರ್ಥಿಗಳಿಗೆ, ಖಾಸಗಿ ಆರೋಗ್ಯ ವಿಮೆ ಇತ್ತೇ ಎಂಬ ಪ್ರಶ್ನೆ. ಸರ್ಕಾರಿ ಆಸ್ಪತ್ರೆ ಇರುವಾಗ ವಿಮೆ ಏಕೆಂದುಕೊಂಡು ವರ್ಷಗಟ್ಟಲೆ ಬಾಳಿದವರು ಅಲ್ಲಿ ಸಿಕ್ಕಿಬಿದ್ದರು.

ಇವರಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟು ಉಳಿದವರಿಗೆ ಜನಮತಗಣನೆಯಲ್ಲಿ ಮತವಿರಲಿಲ್ಲ. ಕಾಮನ್‌ವೆಲ್ತ್ ನಾಗರಿಕರಿಗೆ ಇತ್ತು. ಅಂದರೆ ಬೆಂಗಳೂರಿನಿಂದ ಕೆಲಸದ ವೀಸಾದ ಮೇಲೆ ಹೋದ ಸಾಫ್ಟ್‌ವೇರ್ ಎಂಜಿನಿಯರ್, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಹೆಸರು ನೋಂದಾಯಿಸಿ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅದೇ ಬೀದಿಯಲ್ಲಿರುವ ಪೋಲೆಂಡಿನವಳಿಗೆ ಆಗುತ್ತಿರಲಿಲ್ಲ. ನಮ್ಮ ಪತ್ರಿಕೆಗಳ ವರದಿಗಳಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲವೆಂದು ನನಗನ್ನಿಸುತ್ತದೆ.

85 ಪುಟದ ಅರ್ಜಿಯ ಬದಲಿಗೆ ಸರಳವಾದ ಹೊಸ ನೋಂದಣಿ ವ್ಯವಸ್ಥೆ ಪೂರ್ಣವಾಗಿ ತೆರೆದದ್ದು 2019ರ ಮಾರ್ಚ್ 30ರಂದು. ದೇಶದಲ್ಲಿ ಐರೋಪ್ಯರು ಮೂವತ್ತು ಲಕ್ಷ ಚಿಲ್ಲರೆ ಇರಬಹುದೆಂಬ ಮಾತು ಮತದಾನದ ಕಾಲದಿಂದ ಚಾಲ್ತಿಯಲ್ಲಿತ್ತು. 2021ರ ಜೂನ್ 30ರ ಗಡುವಿನ ಹೊತ್ತಿಗೆ ಬಂದ ಅರ್ಜಿಗಳು 60 ಲಕ್ಷ ದಾಟಿದ್ದವು. ಇವು ಅರ್ಜಿಗಳೇ ಹೊರತು ತಲೆಗಳಲ್ಲ, ಕೆಲವರು ಎರಡೆರಡು ಬಾರಿ ಸಲ್ಲಿಸಿದ್ದಾರೆ. ಆ ಲೆಕ್ಕ ಕಳೆದರೂ ಹಳೆಯ ಅಂದಾಜು ನಿಲ್ಲುವುದಿಲ್ಲ.